ಸಂಪಾದಕರ ಉತ್ತರ: ಸಿಪಾಯಿಯ ಪತ್ರದಲ್ಲಿ ಕಾಲುಚೀಲ ಯಾಕೆ?

ಓದುಗರ ಪತ್ರ: ಮಾನ್ಯ ಸಂಪಾದಕರೇ, ಅಮೆರಿಕದ ಅಂತರ್ಯುದ್ಧದ ಸಿಪಾಯಿಗಳು ಮನೆಗೆ ಬರೆದ ಪತ್ರಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ನಿಜ ಹೇಳಬೇಕೆಂದರೆ ಬೇಸರವಾಯಿತು. ಒಂದು ದೇಶ ಎರಡು ಹೋಳಾಗಿತ್ತು. ಗುಲಾಮಗಿರಿ ಇರಬೇಕೋ ಬೇಡವೋ ಎಂಬ ಪ್ರಶ್ನೆ ಎದುರಿಗಿತ್ತು. ಈ ಹುಡುಗರು ನೋಡಿದರೆ ಕಾಲುಚೀಲ ಕಳಿಸಿ, ಬಿಸ್ಕತ್ತಿನಲ್ಲಿ ಹುಳು, ಹೊಟ್ಟೆ ಸರಿಯಿಲ್ಲ, ಹಂದಿ ಎಷ್ಟಕ್ಕೆ ಹೋಯಿತು ಅಂತ ಬರೆಯುತ್ತಾರೆ. ಮಿಕ್ಕಿದ್ದನ್ನು ಮೇಲಧಿಕಾರಿಗಳು ಹೊಡೆದು ಹಾಕಿದ್ದರೇ? ಇಲ್ಲ, ಇವರಿಗೆ ದೊಡ್ಡ ವಿಷಯ ತೋಚಲೇ ಇಲ್ಲವೇ?
(ನಿವೃತ್ತ ಇತಿಹಾಸ ಮೇಷ್ಟ್ರು, ಹಾಸನ ಜಿಲ್ಲೆ)

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಓದಿದ ಮೇಲೆ ನಮ್ಮ ಲೇಖನವನ್ನು ಇನ್ನೊಂದು ಸಲ ಓದಿದೆ. ನಿಮ್ಮ ದೂರಿನಲ್ಲಿ ಒಂದು ಪಾಲು ನಿಜ ಇದೆ. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಹೊಡೆದು ಹಾಕುವ ವಿಚಾರ.

1861ರಿಂದ 1865ರವರೆಗೆ ನಡೆದ ಆ ಯುದ್ಧದಲ್ಲಿ ಸಿಪಾಯಿಗಳ ಪತ್ರ ಒಡೆದು ಓದುವ ವ್ಯವಸ್ಥೆ ಇರಲಿಲ್ಲ. ಸೆರೆ ಸಿಕ್ಕವರ ಪತ್ರಗಳನ್ನು ಮಾತ್ರ ನೋಡಿ ಬಿಡುತ್ತಿದ್ದರು. ಉಳಿದವರು ಸೇನಾಪತಿಯನ್ನು ಬೈದು ಬರೆದರೂ ಅದು ಹಾಗೇ ಮನೆ ಸೇರುತ್ತಿತ್ತು. ಅಂದರೆ ಕಾಲುಚೀಲದ ವಿಷಯ ಬರೆದವನು ಅದನ್ನೇ ಬರೆಯಬೇಕು ಅಂತ ಬರೆದಿದ್ದಾನೆ.

ಯಾರು ಈ ಹುಡುಗರು? ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳು ಒಂದು ಕಡೆ, ದೇಶ ಒಡೆಯಬಾರದು ಅಂತ ನಿಂತ ಉತ್ತರದವರು ಇನ್ನೊಂದು ಕಡೆ. ಉತ್ತರದ ಸೈನ್ಯದಲ್ಲಿ ಹೆಚ್ಚುಕಡಿಮೆ ಅರ್ಧ ಜನ ರೈತರು. ಎಷ್ಟೋ ಜನ ಅಲ್ಲಿಯವರೆಗೆ ಊರು ಬಿಟ್ಟು ದೂರ ಹೋದವರೇ ಅಲ್ಲ. ಹಳ್ಳಿ ಶಾಲೆಯ ದಯೆಯಿಂದ ಹೆಚ್ಚಿನವರಿಗೆ ಓದು ಬರಹ ಬರುತ್ತಿತ್ತು, ಆದರೆ ಕಾಗುಣಿತ ಕಿವಿಗೆ ಕೇಳಿದಂತೆ. ಅದಕ್ಕೇ ಆ ಪತ್ರಗಳನ್ನು ಓದುವಾಗ ಮಾತು ಕೇಳಿದ ಹಾಗಾಗುತ್ತದೆ. ಶುರು ಮಾಡುವ ರೀತಿಯೂ ಬಹುತೇಕ ಒಂದೇ. ನಾನು ಆರೋಗ್ಯವಾಗಿದ್ದೇನೆ, ಈ ನಾಲ್ಕು ಸಾಲು ತಲುಪುವಾಗ ನೀವೂ ಹಾಗೇ ಇರುತ್ತೀರಿ ಅಂತ ನಂಬಿದ್ದೇನೆ. ನಮ್ಮ ಅಜ್ಜಂದಿರ ‘ಉಭಯ ಕುಶಲೋಪರಿ ಸಾಂಪ್ರತ’ ನೆನಪಾಗುತ್ತದೆ, ಅಲ್ವಾ?

ಯುದ್ಧ ಎಂದರೆ ದಿನಾ ಗುಂಡಿನ ಚಕಮಕಿ ಅಂತ ನಾವು ಅಂದುಕೊಂಡಿರುತ್ತೇವೆ. ಸಿಪಾಯಿಯ ದಿನಗಳಲ್ಲಿ ಜಾಸ್ತಿ ಪಾಲು ಡೇರೆಯಲ್ಲೇ ಕಳೆಯುತ್ತಿತ್ತು. ಬೆಳಗ್ಗೆ ಎದ್ದರೆ ಕವಾಯತು, ಉಂಡ ಮೇಲೆ ಮತ್ತೆ ಕವಾಯತು. ನಡುವೆ ಸೌದೆ ಒಡೆಯಬೇಕು, ನೀರು ಹೊರಬೇಕು, ಕಾವಲು ನಿಲ್ಲಬೇಕು. ದಂಡು ಹೊರಟರೆ ಪ್ರತಿಯೊಬ್ಬನೂ ಅರ್ಧ ಡೇರೆ ಬಟ್ಟೆ ಹೊರುತ್ತಿದ್ದ. ರಾತ್ರಿ ಇಬ್ಬಿಬ್ಬರು ಸೇರಿ ತಮ್ಮ ಅರ್ಧಗಳನ್ನು ಗುಂಡಿ ಹಾಕಿ ಜೋಡಿಸಿದರೆ ಅದೇ ಮನೆ. ಚಳಿಗಾಲದಲ್ಲಿ ದೊಡ್ಡ ಕದನಗಳು ಕಡಿಮೆ. ಆಗ ಮರದ ದಿಮ್ಮಿ ಜೋಡಿಸಿ ಗುಡಿಸಲು ಕಟ್ಟುತ್ತಿದ್ದರು. ಕಡ್ಡಿಗೆ ಮಣ್ಣು ಮೆತ್ತಿ ಹೊಗೆಗೂಡು ಮಾಡಿ, ಅದರ ನೆತ್ತಿಗೆ ತಳ ಒಡೆದ ಪೀಪಾಯಿ ಕೂರಿಸುತ್ತಿದ್ದರು. ಮೈತುಂಬಾ ಹೇನು. ಅಲ್ಲಿ ಬಿಸ್ಕತ್ತಿನ ಪೆಟ್ಟಿಗೆಯ ಮೇಲೋ ತೊಡೆಯ ಮೇಲೋ ಕಾಗದ ಇಟ್ಟುಕೊಂಡು ಬರೆದ ಪತ್ರಗಳು ಇವು.

ಆ ಬಿಸ್ಕತ್ತು ಬರೀ ಹಿಟ್ಟು, ನೀರು, ಉಪ್ಪಿನದು. ಕಲ್ಲಿನಷ್ಟು ಗಟ್ಟಿ. ‘ಹುಳುಗಳ ಕೋಟೆ’ ಅಂತ ಹೆಸರಿಟ್ಟಿದ್ದರು. ಬಿಸಿ ಕಾಫಿಗೆ ಹಾಕಿದರೆ ಬಿಸ್ಕತ್ತು ಮೆತ್ತಗಾಗಿ ಹುಳು ಮೇಲೆ ತೇಲುತ್ತಿತ್ತು. ಅದನ್ನು ತೆಗೆದು ಎಸೆದು ಉಣ್ಣುತ್ತಿದ್ದರು. ಕಾಫಿಯೊಂದೇ ಅವರ ಸುಖ. ಬೀಜವನ್ನು ಬಂದೂಕಿನ ಹಿಡಿಯಲ್ಲಿ ಜಜ್ಜಿ ಕುದಿಸುತ್ತಿದ್ದರು. ದಕ್ಷಿಣದವರಿಗೆ ಅದೂ ಇಲ್ಲ. ಉತ್ತರದ ನೌಕಾಪಡೆ ಬಂದರುಗಳನ್ನು ಮುಚ್ಚಿತ್ತು. ಅವರು ಚಿಕೋರಿ, ಹುರಿದ ಧಾನ್ಯ, ಗೆಣಸನ್ನು ಕುದಿಸಿ ಕುಡಿದರು. ಆದರೆ ಅವರ ಬಳಿ ಹೊಗೆಸೊಪ್ಪು ಬೇಕಾದಷ್ಟಿತ್ತು. 1862-63ರ ಚಳಿಗಾಲದಲ್ಲಿ ರಾಪಹಾನಕ್ ನದಿಯ ಎರಡು ದಡದಲ್ಲೂ ಎದುರಾಳಿಗಳು ಬೀಡುಬಿಟ್ಟಿದ್ದರು. ಕಾವಲಿನ ಹುಡುಗರು ಪುಟ್ಟ ಆಟಿಕೆ ದೋಣಿ ಮಾಡಿ, ಆ ಕಡೆಯಿಂದ ಹೊಗೆಸೊಪ್ಪು, ಈ ಕಡೆಯಿಂದ ಕಾಫಿ ತೇಲಿಬಿಟ್ಟರು. ಜೊತೆಗೆ ಪತ್ರಿಕೆಗಳನ್ನೂ. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಕೂತು ಓದುವ ನಿಮಗೆ ಈ ಸಂಗತಿ ನನಗಿಂತ ಹೆಚ್ಚು ತಟ್ಟೀತು.

ಈಗ ಹೊಟ್ಟೆನೋವಿನ ಮಾತು. ಈ ಒಂದು ಜಾಗದಲ್ಲಿ ನಿಮ್ಮ ಜೊತೆ ವಾದ ಮಾಡಲೇಬೇಕು. ಆ ಯುದ್ಧದಲ್ಲಿ ಸತ್ತ ಸಿಪಾಯಿಗಳು 6,20,000 ಅನ್ನುವುದು ಬಹಳ ಕಾಲದಿಂದ ಇರುವ ಲೆಕ್ಕ. ಈಚೆಗೆ ಜನಗಣತಿಯ ಆಧಾರದಲ್ಲಿ 7,50,000 ಇರಬಹುದು ಅಂತಲೂ ಹೇಳಿದ್ದಾರೆ. ಹಳೆಯ ಲೆಕ್ಕದಲ್ಲಿ ಮೂವರಲ್ಲಿ ಇಬ್ಬರು ಸತ್ತದ್ದು ಗುಂಡಿನಿಂದ ಅಲ್ಲ, ಕಾಯಿಲೆಯಿಂದ. ಭೇದಿ, ಆಮಶಂಕೆ, ಟೈಫಾಯ್ಡ್, ಮಲೇರಿಯಾ. ಚಿಕ್ಕಂದಿನಲ್ಲಿ ದಡಾರ ಬಾರದ ಹಳ್ಳಿ ಹುಡುಗರು ಸಾವಿರಾರು ಜನರ ನಡುವೆ ಬಂದು ದಡಾರಕ್ಕೆ ಸತ್ತರು. ಕುಡಿಯುವ ನೀರಿನ ಪಕ್ಕದಲ್ಲೇ ಪಾಯಿಖಾನೆ ಗುಂಡಿ ತೋಡುತ್ತಿದ್ದರು. ರೋಗಾಣುವಿನ ವಿಷಯ ಆಗ ವೈದ್ಯರಿಗೇ ತಿಳಿದಿರಲಿಲ್ಲ. ಹಾಗಿರುವಾಗ ‘ಹೊಟ್ಟೆ ಸರಿಯಿಲ್ಲ’ ಅನ್ನುವ ಸಾಲನ್ನು ಓದಿದ ತಾಯಿಯ ಎದೆ ಹೇಗೆ ನಡುಗಿರಬೇಕು! ಅವಳ ಪಾಲಿಗೆ ಅದೇ ಯುದ್ಧದ ಸುದ್ದಿ. ಬರೆಯಲೂ ಆಗದಷ್ಟು ಕಾಯಿಲೆಯಾದವರ ಪತ್ರಗಳನ್ನು ಬೇರೆಯವರು ಬರೆದುಕೊಟ್ಟರು. ಕವಿ ವಾಲ್ಟ್ ವಿಟ್ಮನ್ ಹಾಗೆ ಬರೆದುಕೊಟ್ಟವರಲ್ಲಿ ಒಬ್ಬರು. 1862ರ ಡಿಸೆಂಬರಿನಲ್ಲಿ ಗಾಯಗೊಂಡ ತಮ್ಮನನ್ನು ಹುಡುಕಿಕೊಂಡು ಹೋದವರು, ಆಮೇಲೆ ವಾಷಿಂಗ್ಟನ್ನಿನ ಆಸ್ಪತ್ರೆಗಳಲ್ಲಿ ಹಾಸಿಗೆಯಿಂದ ಹಾಸಿಗೆಗೆ ಕಾಗದ, ಲಕೋಟೆ, ಹಣ್ಣು ಹಿಡಿದುಕೊಂಡು ಓಡಾಡಿದರು.

ಹಂದಿಯ ಬೆಲೆ ಕೇಳಿದವನ ಬಗ್ಗೆಯೂ ಸ್ವಲ್ಪ ಯೋಚಿಸಿ. ಉತ್ತರದ ಸಿಪಾಯಿಗೆ ತಿಂಗಳಿಗೆ 13 ಡಾಲರ್ ಸಂಬಳ, ಅದೂ ಎಷ್ಟೋ ತಿಂಗಳು ತಡವಾಗಿ. ಊರಲ್ಲಿ ಹೊಲ ಇದೆ, ಸಾಲ ಇದೆ, ಹೆಂಡತಿ ಒಬ್ಬಳೇ ಇದ್ದಾಳೆ. ಯಾವ ಹೊಲಕ್ಕೆ ಏನು ಬಿತ್ತಬೇಕು, ಯಾರಿಂದ ಬಾಕಿ ಬರಬೇಕು ಅಂತ ಅವನು ಬರೆಯುತ್ತಾನೆ. ಉತ್ತರ ಬರುವಷ್ಟರಲ್ಲಿ ಅವಳು ಬಿತ್ತಿ ಮುಗಿಸಿರುತ್ತಾಳೆ. ಮನೆಯ ಯಜಮಾನಿಕೆ ಮೆಲ್ಲಗೆ ಅವಳ ಕೈಗೆ ಬರುವುದು ಪತ್ರಗಳಲ್ಲೇ ಕಾಣುತ್ತದೆ. ಆದರೂ ಅವನು ಕೇಳುವುದನ್ನು ಬಿಡುವುದಿಲ್ಲ. ಕೇಳದಿದ್ದರೆ ತಾನು ಆ ಮನೆಯವನು ಅನ್ನುವುದೇ ಮರೆತು ಹೋದೀತು ಅನ್ನುವ ಭಯ ಅವನಿಗೆ. ನನಗಂತೂ ಹಾಗೆ ತೋರುತ್ತದೆ.

ಆ ದಾರ ಕಡಿಯದ ಹಾಗೆ ಉಳಿಸಿಕೊಳ್ಳಲು ಪಟ್ಟ ಪಾಡು ನೋಡಿ. ಉತ್ತರದಲ್ಲಿ ಪತ್ರಕ್ಕೆ 3 ಸೆಂಟಿನ ಸ್ಟಾಂಪು. ಸ್ಟಾಂಪಿಗೆ ಕಾಸಿಲ್ಲದಿದ್ದರೆ ಲಕೋಟೆಯ ಮೇಲೆ ‘ಸಿಪಾಯಿಯ ಪತ್ರ’ ಅಂತ ಬರೆಸಿ ಕಳಿಸಬಹುದಿತ್ತು, ಮನೆಯವರು ಹಣ ಕೊಟ್ಟು ಬಿಡಿಸಿಕೊಳ್ಳುತ್ತಿದ್ದರು. 1861ರ ಜುಲೈನಲ್ಲೇ ಇದಕ್ಕೆ ಕಾನೂನು ಬಂತು. ದಕ್ಷಿಣದಲ್ಲಿ ಕಾಗದಕ್ಕೇ ಬರ. ಗೋಡೆಗೆ ಅಂಟಿಸುವ ಹೂವಿನ ಕಾಗದದಲ್ಲಿ ಲಕೋಟೆ ಮಾಡಿದರು. ಬಂದ ಲಕೋಟೆಯನ್ನೇ ಬಿಚ್ಚಿ, ಒಳಮೈ ಹೊರಗೆ ಮಾಡಿ ಮತ್ತೆ ಕಳಿಸಿದರು. ಹಾಳೆ ತುಂಬಿದರೆ ಅದನ್ನೇ ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೇ ಬರೆದರು.

ಇನ್ನು ದೊಡ್ಡ ವಿಷಯ. ಅದನ್ನು ಬರೆದವರೂ ಬೇಕಾದಷ್ಟು ಜನ ಇದ್ದಾರೆ. ನಮ್ಮ ಲೇಖನ ತಪ್ಪಿದ್ದು ಇಲ್ಲಿ. ಅದರಲ್ಲಿ ಇದ್ದದ್ದು ಬರೀ ಬಿಳಿಯ ಸಿಪಾಯಿಗಳ ಪತ್ರಗಳು. ಉತ್ತರದ ಸೈನ್ಯದಲ್ಲಿ ಸುಮಾರು 1,80,000 ಕಪ್ಪು ಸಿಪಾಯಿಗಳಿದ್ದರು. ಅವರನ್ನು ನಾವು ಬಿಟ್ಟೇಬಿಟ್ಟಿದ್ದೆವು. ನಿಮ್ಮ ದೂರಿನ ನಿಜವಾದ ಪಾಲು ಅಂದೆನಲ್ಲ, ಅದು ಇದೇ.

ಸ್ಪಾಟ್ಸ್‌ವುಡ್ ರೈಸ್ ಅನ್ನುವ ಸಿಪಾಯಿ ಗುಲಾಮನಾಗಿದ್ದವನು. 1864ರ ಸೆಪ್ಟೆಂಬರಿನಲ್ಲಿ ಸೇಂಟ್ ಲೂಯಿಸ್‌ನ ಸೈನ್ಯದ ಆಸ್ಪತ್ರೆಯಿಂದ ತನ್ನ ಹೆಣ್ಣುಮಕ್ಕಳಿಗೆ ಪತ್ರ ಬರೆದ. ಮಕ್ಕಳು ಇನ್ನೂ ಗುಲಾಮಗಿರಿಯಲ್ಲೇ ಇದ್ದರು. ನನ್ನ ಪ್ರಾಣ ಹೋದರೂ ಸರಿ, ನಿಮ್ಮನ್ನು ಬಿಡಿಸಿಕೊಂಡೇ ತೀರುತ್ತೇನೆ ಅಂತ ಬರೆದ. ಮಗಳನ್ನು ಇಟ್ಟುಕೊಂಡಿದ್ದ ಒಡತಿಗೂ ಬೇರೆ ಪತ್ರ ಬರೆದು ಎಚ್ಚರಿಸಿದ. ಮೇಷ್ಟ್ರೇ, ಇದು ಮನೆಯ ವಿಷಯವೋ, ದೇಶದ ವಿಷಯವೋ? ಆ ಅಪ್ಪನಿಗೆ ಎರಡೂ ಒಂದೇ ಆಗಿತ್ತು.

ಜೇಮ್ಸ್ ಹೆನ್ರಿ ಗೂಡಿಂಗ್ ಮಸಾಚುಸೆಟ್ಸ್‌ನ 54ನೇ ರೆಜಿಮೆಂಟಿನ ಕಾರ್ಪೊರಲ್. ಬಿಳಿಯರಿಗೆ 13 ಡಾಲರ್ ಕೊಡುವಾಗ ಕಪ್ಪು ಸಿಪಾಯಿಗೆ 10 ಡಾಲರ್, ಅದರಲ್ಲೂ 3 ಡಾಲರ್ ಬಟ್ಟೆಗೆ ಮುರಿದುಕೊಳ್ಳುತ್ತಿದ್ದರು. ಆ ರೆಜಿಮೆಂಟಿನವರು ಕಡಿಮೆ ಸಂಬಳ ಮುಟ್ಟುವುದಿಲ್ಲ ಎಂದರು. ಊರಲ್ಲಿ ಹೆಂಡತಿ ಮಕ್ಕಳು ಕಷ್ಟದಲ್ಲಿದ್ದರೂ ಮುಟ್ಟಲಿಲ್ಲ. 1863ರ ಸೆಪ್ಟೆಂಬರ್ 28ರಂದು ಗೂಡಿಂಗ್ ನೇರವಾಗಿ ಅಧ್ಯಕ್ಷ ಲಿಂಕನ್‌ಗೇ ಬರೆದ. ನಾವು ಸಿಪಾಯಿಗಳೋ, ಕೂಲಿಯಾಳುಗಳೋ ಎಂದು ಕೇಳಿದ. 1864ರ ಜೂನ್‌ನಲ್ಲಿ ಸಮಾನ ಸಂಬಳದ ಕಾನೂನು ಬಂತು. ಅಷ್ಟರಲ್ಲಿ ಗೂಡಿಂಗ್ ಗಾಯಗೊಂಡು ಸೆರೆ ಸಿಕ್ಕಿದ್ದ. ಜುಲೈನಲ್ಲಿ ಆಂಡರ್ಸನ್‌ವಿಲ್‌ನ ಸೆರೆಶಿಬಿರದಲ್ಲಿ ತೀರಿಕೊಂಡ.

ಅವನು ಲಿಂಕನ್‌ಗೆ ಬರೆದ ಪತ್ರವನ್ನು ಪೂರ್ತಿ ಕನ್ನಡಕ್ಕೆ ತಂದು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ, ರೈಸ್ ಮಕ್ಕಳಿಗೆ ಬರೆದದ್ದನ್ನೂ ಪಕ್ಕದಲ್ಲೇ ಇಡುತ್ತೇವೆ. ಓದಿ ಮತ್ತೆ ಬರೆಯಿರಿ.

- ಸಂ.