2019ರಲ್ಲಿ ಎಚ್ಚರ ತಪ್ಪಿದಿರಾ?

ಪ್ರಶ್ನೆ: ಸರ್, ರೆಸ್ಯೂಮೆಯಲ್ಲಿ ‘ಐ ಪಾಸ್ಡ್ ಔಟ್ ಇನ್ 2019’ ಅಂತ ಬರೆದಿದ್ದೆ. ಲಂಡನ್‌ನಲ್ಲಿರುವ ಭಾವ ನೋಡಿ ನಕ್ಕುಬಿಟ್ಟರು. ಎಲ್ಲರೂ ಹೀಗೇ ಹೇಳುತ್ತಾರಲ್ಲ, ತಪ್ಪೇನು?

ಉತ್ತರ: ಒಂದೇ ತಿಂಗಳಲ್ಲಿ ಇದೇ ಪ್ರಶ್ನೆ ನಾಲ್ಕನೇ ಸಲ! ಅಲ್ಲಿನವರ ಕಿವಿಗೆ ಅದು ‘2019ರಲ್ಲಿ ಎಚ್ಚರ ತಪ್ಪಿ ಬಿದ್ದೆ’ ಅಂತ ಕೇಳಿಸುತ್ತದೆ. ಬಿಸಿಲಲ್ಲಿ ನಿಂತ ಹುಡುಗಿ ತಲೆ ಸುತ್ತಿ ಬಿದ್ದರೆ ಪಾಸ್ ಔಟ್. ಜಾಸ್ತಿ ಕುಡಿದು ಸೋಫಾ ಮೇಲೆ ಮೈಮರೆತು ಬಿದ್ದವನೂ ಪಾಸ್ ಔಟ್. ಹುಡುಗಿಗೆ ‘ಫೇಂಟ್’ ಅಂತಲೂ ಅನ್ನಬಹುದು, ಕುಡಿದವನಿಗೆ ಅದು ಹೊಂದುವುದಿಲ್ಲ.

ಹಾಗಂತ ನಮ್ಮವರು ಸುಮ್ನೆ ಹುಟ್ಟಿಸಿದ್ದೂ ಅಲ್ಲ. ಸೇನೆ, ಪೊಲೀಸ್ ತರಬೇತಿ ಮುಗಿಸಿ ಹೊರಬರುವುದಕ್ಕೆ ಬ್ರಿಟನ್‌ನಲ್ಲೂ ಪಾಸ್ ಔಟ್ ಅಂತಲೇ ಅನ್ನುತ್ತಾರೆ. ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿಯ ಪಾಸಿಂಗ್ ಔಟ್ ಪರೇಡ್ ಟಿವಿಯಲ್ಲಿ ನೋಡಿರುತ್ತೀರಿ. ನಾವು ಅದನ್ನು ಡಿಗ್ರಿ, ಡಿಪ್ಲೊಮಾಕ್ಕೂ ಎಳೆದುಕೊಂಡೆವು. ಕೆಲಸದ ಜಾಹೀರಾತಿನಲ್ಲೇ ‘2024 ಪಾಸ್ ಔಟ್ಸ್’ ಅಂತಿರುತ್ತದೆ. ಬೆಂಗಳೂರಿನ ಕೆಲಸಕ್ಕೆ ಬರೆದರೆ ಯಾರೂ ನಗುವುದಿಲ್ಲ. ಹೊರದೇಶದ ಅರ್ಜಿಗೆ ‘ಗ್ರಾಜುಯೇಟೆಡ್ ಇನ್ 2019’ ಸಾಕು, ಪಿಯುಸಿಗಾದರೆ ‘ಫಿನಿಶ್ಡ್’. ನಾನಂತೂ ‘ಪಾಸ್ಡ್ ಔಟ್’ ಅಂತ ಎಲ್ಲಿಗೂ ಬರೆಯುವುದಿಲ್ಲ. ಮೊದಲ ಅರ್ಜಿಯಲ್ಲೇ ನಗೆಪಾಟಲಾದವನು ನಾನು.

ಪರೀಕ್ಷೆಗೆ ಮಾತ್ರ ಬರೀ ‘ಪಾಸ್’. ‘ಐ ಪಾಸ್ಡ್ ಔಟ್ ದಿ ಎಕ್ಸಾಮ್’ ಅನ್ನುವುದು ಎಲ್ಲಿ ಹೋದರೂ ತಪ್ಪೇ. ಹಾಳೆ ಹಂಚುವುದಕ್ಕೂ ಪಾಸ್ ಔಟ್ ಅನ್ನುತ್ತಾರೆ. ಆಗ ಹಾಳೆಯನ್ನು ನಡುವೆ ತೂರಿಸಬಹುದು: ‘ಪಾಸ್ ದಿ ಪೇಪರ್ಸ್ ಔಟ್’. ಎಚ್ಚರ ತಪ್ಪುವ ಅರ್ಥದಲ್ಲಿ ನಡುವೆ ಏನೂ ತೂರುವುದಿಲ್ಲ.

‘ಪಾಸ್ ಅಂದರೆ ದಾಟು, ಔಟ್ ಅಂದರೆ ಹೊರಗೆ, ಕೂಡಿಸಿದರೆ ಅರ್ಥ ಬಂತು’ ಎನ್ನುವ 30 ದಿನದ ಇಂಗ್ಲಿಷ್ ಮೇಷ್ಟ್ರುಗಳಿಗೆ ದುಡ್ಡು ಸುರಿಯಬೇಡಿ. ಗೆಳೆಯ ‘ಕೈ ಕೊಟ್ಟ’ ಅಂದರೆ ಕೈ ಕಿತ್ತು ಕೊಟ್ಟ ಅಂತಲಾ? ಇಂಥ ಮಾತನ್ನು ಇಡಿಯಾಗಿಯೇ ಕಲಿಯಬೇಕು, ಅದೂ ಯಾರ ಎದುರು ಆಡುತ್ತೇವೆ ಅಂತ ನೋಡಿಕೊಂಡು.

ಪ್ರಶ್ನೆ: ನಿಭಾಯಿಸುವುದಕ್ಕೆ ‘ಕೋಪ್ ಅಪ್ ವಿತ್’ ಅನ್ನುವುದು ಸರಿಯೇ?

ಉತ್ತರ: ಅಪ್ ಬೇಡ.

ಪ್ರಶ್ನೆ: ‘ಪಾಸ್ ಔಟ್’ನಂಥ ಜೋಡಿ ಕ್ರಿಯಾಪದಗಳ, ಅಂದರೆ ಫ್ರೇಸಲ್ ವರ್ಬ್‌ಗಳ, 500ರ ಪಟ್ಟಿ ಕಳಿಸಿ ಸರ್, ಬಾಯಿಪಾಠ ಮಾಡುತ್ತೇನೆ.

ಉತ್ತರ: ಕಳಿಸುವುದಿಲ್ಲ.

ಪ್ರಶ್ನೆ: ಅಜ್ಜ ತೀರಿಕೊಂಡರು ಅನ್ನಲು ‘ಎಕ್ಸ್‌ಪೈರ್ಡ್’ ಅನ್ನಬಹುದೇ?

ಉತ್ತರ: ಮಾತ್ರೆ, ಲೈಸೆನ್ಸಿಗೆ ಅನ್ನಿ. ಅಜ್ಜನಿಗೆ ‘ಪಾಸ್ಡ್ ಅವೇ’. ಗಡಿಬಿಡಿಯಲ್ಲಿ ‘ಪಾಸ್ಡ್ ಔಟ್’ ಅಂದುಬಿಟ್ಟೀರಿ, ಫೋನ್ ಎತ್ತಿದವರು ಆಂಬುಲೆನ್ಸ್ ಕರೆಸಿಯಾರು.