ಅಜ್ಜಿಯ ಊರನ್ನು ಕಂಸದಿಂದ ಹೊರಗೆ ತನ್ನಿ

ಪ್ರಿಯ ಮೇಷ್ಟ್ರೇ,

ನಮಸ್ಕಾರ. ನೀವು ಕಳಿಸಿದ ‘ಭೂಗೋಳಶಾಸ್ತ್ರ: ಒಂದು ಪರಿಚಯ’ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಸಂಪಾದಕನಾಗಿ. ಎರಡನೇ ಸಲ, ನಾಲ್ಕನೇ ಪುಟದಲ್ಲಿ ಕಣ್ಣು ಹತ್ತಿದ ತಪ್ಪಿಗೆ. ಈಗಿರುವ ಹಾಗೆ ಅದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಇಷ್ಟನ್ನೇ ಬರೆದು ಮುಗಿಸಬಹುದಿತ್ತು. ಆದರೆ ಒಂಬತ್ತನೇ ಪುಟದಲ್ಲಿ, ಕಂಸದೊಳಗೆ, ಒಂದು ಸಾಲು ಸಿಕ್ಕಿತು. ಅದಕ್ಕೋಸ್ಕರ ಈ ಉದ್ದನೆಯ ಕಾಗದ.

ಆ ಕಂಸಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಮೊದಲ ಪ್ಯಾರಾ. ‘ಜಿಯೋ ಎಂದರೆ ಭೂಮಿ, ಗ್ರಾಫೋ ಎಂದರೆ ಬರೆಯುವುದು’ ಎಂದು ಶುರು ಮಾಡಿದ್ದೀರಿ. ಹೈಸ್ಕೂಲು ದಾಟಿದವರೆಲ್ಲ ಇದನ್ನು ಬಾಯಿಪಾಠ ಮಾಡಿ, ಪರೀಕ್ಷೆಯ ಮರುದಿನ ಮರೆತವರೇ. ಅದರ ಹಿಂದೆಯೇ ಪ್ರಾಚೀನ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಬರುತ್ತಾನೆ, ‘ಭೂಗೋಳಶಾಸ್ತ್ರದ ಪಿತಾಮಹ’ ಅಂತ ಒಂದು ಶಾಲು ಹೊದಿಸಿಕೊಂಡು ಹೊರಟೇ ಹೋಗುತ್ತಾನೆ. ಅವನು ಮಾಡಿದ್ದೇನು ಅಂತ ಹೇಳಬಾರದೇ? ಈಜಿಪ್ಟಿನಲ್ಲಿ ಈಗ ಆಸ್ವಾನ್ ಎಂದು ಕರೆಯುವ ಊರಿನಲ್ಲಿ, ವರ್ಷದ ಅತಿ ದೀರ್ಘ ಹಗಲಿನ ದಿನ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು. ಅದೇ ಹೊತ್ತಿಗೆ ಉತ್ತರದ ಅಲೆಕ್ಸಾಂಡ್ರಿಯದಲ್ಲಿ ಸೂರ್ಯ ವೃತ್ತದ 50ನೇ ಒಂದು ಪಾಲಿನಷ್ಟು ವಾಲಿದ್ದ. ಹಾಗಾದರೆ ಎರಡೂರಿನ ನಡುವಿನ ದೂರದ 50 ಪಟ್ಟು ಭೂಮಿಯ ಸುತ್ತಳತೆ. ಒಂದು ಕೋಲು, ಒಂದು ನೆರಳು, ಒಂದು ಗುಣಾಕಾರ. ಭೂಮಿ ಬಿಟ್ಟು ಎಲ್ಲಿಗೂ ಹೋಗದೆ ಭೂಮಿಯನ್ನು ಅಳೆದ.

ಈ ಆಟವನ್ನು ನಿಮ್ಮ ಶಾಲೆಯ ಅಂಗಳದಲ್ಲೇ ಆಡಬಹುದು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳದ ಗಳಿಗೆಯೊಂದು ಬರುತ್ತದೆ. ಏಪ್ರಿಲಿನಲ್ಲಿ ಸೂರ್ಯ ಉತ್ತರಕ್ಕೆ ಸರಿಯುತ್ತಿರುತ್ತಾನಾದ್ದರಿಂದ ಎರಡು ಮೂರು ದಿನ ಬಿಟ್ಟು, ಬೆಂಗಳೂರಿಗಿಂತ ಉತ್ತರಕ್ಕಿರುವ ನಿಮ್ಮ ತರೀಕೆರೆಯಲ್ಲೂ ಅದು ಆಗಬೇಕು. ಅದೇ ನಿಮ್ಮ ಅಕ್ಷಾಂಶದ ಪಾಠ. ಅದಾಗುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂಕಾಲು ದಾಟಿದ ಮೇಲೆ. ಯಾಕೆಂದರೆ ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತಿನಲ್ಲಿ, ನಾವು ಬದುಕುವುದು ಅದಕ್ಕಿಂತ ಐದಾರು ಡಿಗ್ರಿ ಪಶ್ಚಿಮಕ್ಕೆ, ಡಿಗ್ರಿಗೆ ನಾಲ್ಕು ನಿಮಿಷ. ಅದು ರೇಖಾಂಶದ ಪಾಠ. ನಿಮ್ಮ ಎರಡೂವರೆ ಪುಟದ ‘ಕಾಲ್ಪನಿಕ ರೇಖೆಗಳು’ ಈ ಒಂದು ಪ್ಯಾರಾದಲ್ಲಿ ಮುಗಿಯಿತು ನೋಡಿ.

ಇನ್ನು ತಪ್ಪುಗಳು. ಇವನ್ನು ಮುಲಾಜಿಲ್ಲದೆ ಹೇಳಬೇಕು, ಯಾಕೆಂದರೆ ನೀವು ಮಕ್ಕಳಿಗೂ ಇದನ್ನೇ ಹೇಳುತ್ತಿರಬಹುದು ಎಂಬ ಭಯ ನನಗೆ.

ಮೂರನೇ ಪುಟದಲ್ಲಿ ‘ಭೂಮಿಯು ಸೂರ್ಯನಿಗೆ ಹತ್ತಿರ ಬಂದಾಗ ಬೇಸಿಗೆಯಾಗುತ್ತದೆ’ ಎಂದು ಬರೆದಿದ್ದೀರಿ. ಭೂಮಿ ಸೂರ್ಯನಿಗೆ ಅತ್ಯಂತ ಹತ್ತಿರವಿರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿ.ಮೀ. ಆಗ ನಾವು ಸ್ವೆಟರ್ ಹುಡುಕುತ್ತಿರುತ್ತೇವೆ. ಜುಲೈ ಮೊದಲ ವಾರದಲ್ಲಿ ಅತ್ಯಂತ ದೂರ, ಸುಮಾರು 15.2 ಕೋಟಿ. ಋತುಗಳಿಗೆ ಕಾರಣ ದೂರ ಅಲ್ಲ, ಇಪ್ಪತ್ತಮೂರೂವರೆ ಡಿಗ್ರಿ ವಾಲಿರುವ ಅಕ್ಷ. ಆರನೇ ಪುಟದಲ್ಲಿ 1:10,00,000 ನಕ್ಷೆಯನ್ನು ‘ದೊಡ್ಡ ಪ್ರಮಾಣದ ನಕ್ಷೆ’ ಎಂದಿದ್ದೀರಿ, ತಿರುಗುಮುರುಗಾಗಿದೆ. ಭಾಗಿಸುವ ಸಂಖ್ಯೆ ದೊಡ್ಡದಾದಷ್ಟೂ ಪ್ರಮಾಣ ಚಿಕ್ಕದು. 1:50,000ರ ಟೋಪೋಶೀಟಿನಲ್ಲಿ, ಅಂದರೆ ಸ್ಥಳನಕ್ಷೆಯಲ್ಲಿ, ಎರಡು ಸೆಂಟಿಮೀಟರ್ ಒಂದು ಕಿ.ಮೀ.ಗೆ ಸಮ, ನಿಮ್ಮೂರಿನ ಕೆರೆ, ಗುಡಿ, ಕಾಲುದಾರಿ ಅದರಲ್ಲಿ ಕಾಣುತ್ತವೆ. ಹತ್ತು ಲಕ್ಷದ್ದರಲ್ಲಿ ಊರು ಒಂದು ಚುಕ್ಕೆಯಾದರೆ ಪುಣ್ಯ.

ಹವಾಮಾನ, ವಾಯುಗುಣ ಎರಡನ್ನೂ ಒಂದೇ ಅರ್ಥದಲ್ಲಿ ಬಳಸಿದ್ದೀರಿ. ಇದರಲ್ಲಿ ನಿಮ್ಮೊಬ್ಬರದೇ ತಪ್ಪಿಲ್ಲ. ಪಠ್ಯಪುಸ್ತಕ ಎರಡನ್ನು ಬೇರೆ ಮಾಡುತ್ತದೆ, ಪತ್ರಿಕೆಗಳಾದ ನಾವು ‘ಹವಾಮಾನ ಬದಲಾವಣೆ’ ಎಂದು ಬರೆದು ಮತ್ತೆ ಕಲಸುತ್ತೇವೆ. ಇವತ್ತು ಛತ್ರಿ ಬೇಕೋ ಬೇಡವೋ ಎಂಬುದು ಹವಾಮಾನ. ಮಾಡಿನ ಹೆಂಚನ್ನು ಎಷ್ಟು ಇಳಿಜಾರಾಗಿ ಹೊದಿಸಬೇಕು ಎಂಬುದು ವಾಯುಗುಣ. ಮೂವತ್ತು ವರ್ಷದ ಸರಾಸರಿ ಇತ್ಯಾದಿಯನ್ನು ಆಮೇಲೆ ಹೇಳಿ.

(ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವತ್ತುಗಳೆಲ್ಲ ಜಾಗ ತಪ್ಪಿವೆ. ಮುಂದಿನ ಸಲ ನೇರ ಯೂನಿಕೋಡಿನಲ್ಲೇ ಕಳಿಸಿ. ‘ಪರ್ವತ’ವನ್ನು ಸರಿ ಮಾಡಿ ಮಾಡಿ ಸಾಕಾಯಿತು.)

ಈಗ ದೊಡ್ಡ ತಕರಾರು. ನಿಮ್ಮ ಲೇಖನ ಹದಿನಾಲ್ಕು ಪುಟ. ಏಳು ಪುಟ ಭೌತ ಭೂಗೋಳ: ಬೆಟ್ಟ, ನದಿ, ಮಣ್ಣು, ಮಳೆ. ಅಲ್ಲೊಂದು ನಕ್ಷತ್ರ ಚಿಹ್ನೆ. ಆಮೇಲೆ ಏಳು ಪುಟ ಮಾನವ ಭೂಗೋಳ: ಜನಸಂಖ್ಯೆ, ವಸತಿ, ವಲಸೆ, ನಗರ. ಮೊದಲ ಏಳರಲ್ಲಿ ಒಬ್ಬ ಮನುಷ್ಯನೂ ಇಲ್ಲ, ಕೊನೆಯ ಏಳರಲ್ಲಿ ಒಂದು ಹನಿ ಮಳೆ ಬಿದ್ದಿಲ್ಲ. ಅಣ್ಣತಮ್ಮಂದಿರು ಪಾಲಾಗಿ ನಡುವೆ ಗೋಡೆ ಎಬ್ಬಿಸಿದ ಹಾಗಿದೆ. ಆ ಗೋಡೆ ಬೀಳುವುದು ಒಂದೇ ಕಡೆ, ‘ಚದುರಿದ ವಸತಿ’ಯ ವ್ಯಾಖ್ಯೆ ಕೊಟ್ಟ ಮೇಲೆ ನೀವು ಕಂಸದಲ್ಲಿ ಸೇರಿಸಿದ ಸಾಲಿನಲ್ಲಿ: ‘ಕೊಪ್ಪದ ಕಡೆಯ ನಮ್ಮ ಅಜ್ಜಿಯ ಊರಲ್ಲಿ ಪಕ್ಕದ ಮನೆಗೆ ಹೋಗಬೇಕೆಂದರೆ ಎರಡು ತೋಟ, ಒಂದು ಹಳ್ಳ ದಾಟಬೇಕು.’

ಇದನ್ನು ಯಾಕೆ ಕಂಸದಲ್ಲಿಟ್ಟಿರಿ ಮೇಷ್ಟ್ರೇ? ಲೇಖನ ಶುರುವಾಗಬೇಕಾದದ್ದೇ ಇಲ್ಲಿಂದ.

ಜೊತೆಗಿಟ್ಟ ಕಾಗದದಲ್ಲಿ ನಿಮ್ಮ ಸ್ವಂತ ಊರು ಚಳ್ಳಕೆರೆ ಹತ್ತಿರ ಎಂದಿದ್ದೀರಿ. ಅಂದರೆ ಅಜ್ಜಿ ಮಲೆನಾಡು, ಅಪ್ಪ ಬಯಲುಸೀಮೆ, ನೌಕರಿ ಎರಡರ ನಡುವಿನ ತರೀಕೆರೆ. ಭೂಗೋಳದ ಮೇಷ್ಟ್ರಿಗೆ ಇದಕ್ಕಿಂತ ಭಾಗ್ಯ ಬೇಕೇ? ಕೊಪ್ಪದಿಂದ ಪಶ್ಚಿಮಕ್ಕಿರುವ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ. ಚಳ್ಳಕೆರೆಯಲ್ಲಿ 500ರ ಆಸುಪಾಸು. ಎರಡರ ನಡುವೆ ನೇರ ಗೆರೆ ಎಳೆದರೆ 200 ಕಿ.ಮೀ. ಕೂಡ ಇಲ್ಲ. ಸಮುದ್ರದಿಂದ ಬಂದ ಗಾಳಿಗೆ ಘಟ್ಟ ಅಡ್ಡ ನಿಲ್ಲುತ್ತದೆ. ಗಾಳಿ ಏರಲೇಬೇಕು. ಏರಿದಂತೆ ಹಿಗ್ಗುತ್ತದೆ, ಹಿಗ್ಗಿದಂತೆ ತಣ್ಣಗಾಗುತ್ತದೆ, ಹೊತ್ತ ತೇವವನ್ನು ಇಟ್ಟುಕೊಳ್ಳಲಾರದೆ ಅಲ್ಲೇ ಸುರಿದುಬಿಡುತ್ತದೆ. ಘಟ್ಟದ ಈಚೆಗೆ ಅದೇ ಗಾಳಿ ಇಳಿಯುವಾಗ ಒತ್ತಿ ಬೆಚ್ಚಗಾಗುತ್ತದೆ, ಇದ್ದಬದ್ದ ಮೋಡವೂ ಕರಗುತ್ತದೆ. ನೀವು ‘ಮಳೆನೆರಳಿನ ಪ್ರದೇಶ’ ಎಂದು ಮೂರು ಕಡೆ ಬರೆದಿದ್ದೀರಿ. ಆದರೆ ಅದು ಯಾವುದರ ನೆರಳು ಅಂತ ಒಂದು ಕಡೆಯೂ ಹೇಳಿಲ್ಲ.

ಈ ಮಳೆಯ ಲೆಕ್ಕವನ್ನು ಹಿಡಿದು ಅಜ್ಜಿಯ ಮನೆಗೆ ಹೋಗಿ. ಅಲ್ಲಿ ನೀರಿಗೆ ಯಾರೂ ಯಾರ ಹತ್ತಿರವೂ ಹೋಗಬೇಕಿಲ್ಲ. ಗುಡ್ಡದ ಬುಡದಲ್ಲಿ ಒಸರುವ ಅಬ್ಬಿ ನೀರು ಸೀಳಿದ ಅಡಿಕೆ ಮರದ ದಂಬೆಯಲ್ಲಿ ಅಂಗಳಕ್ಕೇ ಬರುತ್ತದೆ. ಅಡಿಕೆ ತೋಟಕ್ಕೆ ಬೇಕಾದದ್ದು ಎರಡು ಗುಡ್ಡದ ನಡುವಿನ ತಂಪು ಕಣಿವೆ, ಅದೋ ಕಿರಿದು. ಒಂದೋ ಎರಡೋ ಮನೆಯ ತೋಟಕ್ಕೆ ಸಾಕಾಗುವಷ್ಟು. ಮೇಲೆ ಗೊಬ್ಬರದ ಸೊಪ್ಪಿಗೆ ಬೆಟ್ಟ, ಕೆಳಗೆ ತೋಟ, ನಡುವೆ ಮನೆ. ಮುಂದಿನ ಮನೆ ಮುಂದಿನ ಕಣಿವೆಗೆ. ಹೀಗೆ ಊರೆಂಬುದು ಚೆಲ್ಲಿದ ಅಡಿಕೆಯ ಹಾಗೆ ಹರಡುತ್ತದೆ. ಚಳ್ಳಕೆರೆಯ ಕಡೆ ನೀರು ನಿಲ್ಲುವುದು ಒಂದೇ ಕಡೆ, ಕೆರೆಯಲ್ಲಿ. ಹಾಗಾಗಿ ಮನೆಗಳೂ ಒಂದೇ ಕಡೆ, ಗೋಡೆಗೆ ಗೋಡೆ ತಾಗಿಸಿಕೊಂಡು. ಊರ ಸುತ್ತ ಬಯಲು ಹೊಲ. ಹೊಳಲ್ಕೆರೆ, ಅರಸೀಕೆರೆ, ತುರುವೇಕೆರೆ, ನಿಮ್ಮ ಚಳ್ಳಕೆರೆ ಎಂದು ಊರಿಗೇ ಕೆರೆಯ ಹೆಸರು. ಎರಡೂ ಕಡೆಯ ಟೋಪೋಶೀಟ್ ತಂದು ಪಕ್ಕಪಕ್ಕ ಇಟ್ಟರೆ ಈ ವ್ಯತ್ಯಾಸ ಕೆಂಪು ಚುಕ್ಕೆಗಳಲ್ಲಿ ಹಾಗೇ ಕಾಣುತ್ತದೆ. ಲೇಖನದ ಜೊತೆ ಚಿತ್ರ ಹಾಕುವುದಾದರೆ ಅದನ್ನೇ ಹಾಕೋಣ. ನೀವು ಕಳಿಸಿರುವ ತಿರುಗುವ ಗ್ಲೋಬಿನ ಚಿತ್ರ ಬೇಡ.

ಇಲ್ಲೊಂದು ಎಚ್ಚರ ಬೇಕು. ಹನ್ನೊಂದನೇ ಪುಟದಲ್ಲಿ ‘ಮಲೆನಾಡಿನ ಜನ ಸೌಮ್ಯ ಸ್ವಭಾವದವರು, ಬಯಲುಸೀಮೆಯವರು ಒರಟರು, ಇದಕ್ಕೆ ಅಲ್ಲಿನ ಪ್ರಕೃತಿಯೇ ಕಾರಣ’ ಎಂದಿದ್ದೀರಲ್ಲ, ಅದನ್ನು ಕಾಟು ಹಾಕಿದ್ದೇನೆ. ನೆಲವೇ ಮನುಷ್ಯನ ಹಣೆಬರಹ ಬರೆಯುತ್ತದೆ ಎಂಬ ವಾದ ಹತ್ತೊಂಬತ್ತನೇ ಶತಮಾನದ ಕೊನೆಗೆ ಯುರೋಪಿನಲ್ಲಿ ಜೋರಾಗಿತ್ತು. ಬಿಸಿ ನಾಡಿನವರು ಸೋಮಾರಿಗಳು, ಆದ್ದರಿಂದ ಆಳಿಸಿಕೊಳ್ಳಲು ಯೋಗ್ಯರು ಎಂದು ಹೇಳಲು ಅದು ಚೆನ್ನಾಗಿ ಒದಗಿತು. ನೀವು ಬರೀ ಹೆಸರು ಹೇಳಿ ಬಿಟ್ಟ ಫ್ರೆಂಚ್ ಭೂಗೋಳಜ್ಞ ವಿದಾಲ್ ದ ಲಾ ಬ್ಲಾಶ್ ತಿರುಗಿ ನಿಂತದ್ದು ಇದಕ್ಕೇ: ನೆಲ ದಾರಿಗಳನ್ನು ತೋರಿಸುತ್ತದೆ, ಆರಿಸಿಕೊಳ್ಳುವವರು ಮನುಷ್ಯರು. ಇದಕ್ಕೆ ಸಾಕ್ಷಿ ಫ್ರಾನ್ಸಿನಿಂದ ಬರಬೇಕಿಲ್ಲ. ಬಾಬಾಬುಡನ್‌ಗಿರಿಯ ಪೂರ್ವದ ಮಗ್ಗುಲಿನ ಮಳೆ ವೇದಾವತಿಯಾಗಿ ಹರಿದು ಹಿರಿಯೂರಿನ ಬಳಿ ಎರಡು ಗುಡ್ಡಗಳ ನಡುವಿನ ಮಾರಿಕಣಿವೆಯಲ್ಲಿ ನುಸುಳುತ್ತಿತ್ತು. ಆ ಕಣಿವೆ ಅಲ್ಲಿದ್ದದ್ದು ಭೌತ ಭೂಗೋಳ. 1907ರ ಹೊತ್ತಿಗೆ ಅದಕ್ಕೆ ಅಡ್ಡಲಾಗಿ ಅಣೆಕಟ್ಟು ಎದ್ದು ವಾಣಿವಿಲಾಸ ಸಾಗರವಾದದ್ದು ಮನುಷ್ಯರ ತೀರ್ಮಾನ. ಆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಜನ ಬಾಗಿನ ಬಿಡಲು ಹೋದರು. ಕಟ್ಟುವುದು ನಮ್ಮ ಕೈಲಿದೆ, ತುಂಬಿಸುವುದು ಇಲ್ಲ. ಈಗ ಭದ್ರಾ ನೀರನ್ನು ಎತ್ತಿ ಅಜ್ಜಂಪುರದ ಸುರಂಗದ ಮೂಲಕ ಅದೇ ಕಡೆಗೆ ಹರಿಸುವ ಯೋಜನೆ ನಿಮ್ಮ ತರೀಕೆರೆ ಸೀಮೆಯಲ್ಲೇ ಹಾದುಹೋಗಿದೆ. ಒಂದು ಭಾನುವಾರ ಹೋಗಿ ನೋಡಿಬನ್ನಿ, ಬರೆಯಲು ಸಿಗುತ್ತದೆ.

ಇನ್ನೂ ಒಂದು. ಬಯಲುಸೀಮೆಯ ಒತ್ತಾದ ಊರು ಎಂದಾಗ ‘ಎಲ್ಲರೂ ಒಟ್ಟಾಗಿ ಬಾಳುತ್ತಾರೆ’ ಎಂದು ಸಿಹಿ ಹಚ್ಚಿದ್ದೀರಿ. ಒಟ್ಟಾಗಿಯೇ? ಯಾವ ಕೇರಿ ಊರ ನಡುವೆ, ಯಾವ ಕೇರಿ ಊರಾಚೆ, ಯಾರು ಯಾವ ಬಾವಿಗೆ ಇಳಿಯಬಹುದಿತ್ತು, ಯಾರು ದೂರ ನಿಂತು ಕೊಡ ಹಿಡಿಯಬೇಕಿತ್ತು? ಇದನ್ನು ಮಳೆಯೂ ಮಣ್ಣೂ ಹೇಳಿದ್ದಲ್ಲ. ನಿಮ್ಮ ಮಾನವ ಭೂಗೋಳದಲ್ಲಿ ಈ ಮಾನವರು ಕಾಣದಿದ್ದರೆ ಆ ಹೆಸರು ಯಾಕೆ? ನಿಮ್ಮೂರಿನ ನಕ್ಷೆಯನ್ನು ಕೈಯಲ್ಲೇ ಬರೆದು, ಕೇರಿಗಳನ್ನು ಗುರುತಿಸಿ, ನೀರಿನ ಜಾಗಗಳನ್ನು ಗುರುತಿಸಿ. ನೀವು ಬರೆಯಲು ಹಿಂಜರಿಯುತ್ತಿರುವುದು ಅದರಲ್ಲಿ ತಾನಾಗಿಯೇ ಕಾಣಿಸಿಕೊಳ್ಳುತ್ತದೆ.

ಜನಸಾಂದ್ರತೆಯ ಪುಟದಲ್ಲಿ 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಚದರ ಕಿ.ಮೀ.ಗೆ 319 ಜನ ಎಂದು ಬರೆದು ಮುಂದೆ ಹೋಗಿದ್ದೀರಿ. ಅದೇ ಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯದ್ದು 4,381, ಕೊಡಗಿನದ್ದು 135. ಹಾಗಾದರೆ ಆ 319 ಯಾರ ಮನೆಯ ಲೆಕ್ಕ? ಸರಾಸರಿ ಕೊಟ್ಟರೆ ಜೊತೆಗೆ ಎರಡು ತುದಿಯನ್ನೂ ಕೊಡಿ.

ವಲಸೆ, ನಗರ, ಸಾರಿಗೆ, ಖನಿಜ ಎಲ್ಲವನ್ನೂ ಈ ಲೇಖನದಿಂದ ತೆಗೆದುಬಿಡಿ. ಒಂದು ಲೇಖನಕ್ಕೆ ಅಷ್ಟು ಹೊರೆ ಬೇಡ. ದೊಡ್ಡ ನದಿಯೇ ಇಲ್ಲದ ದಿಬ್ಬದ ಮೇಲೆ ಬೆಳೆದು, ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ ಕಟ್ಟಿಕೊಂಡು, ಸುಮಾರು 100 ಕಿ.ಮೀ. ದೂರದ ಕಾವೇರಿಯನ್ನು ಮೇಲೆತ್ತಿ ಕುಡಿಯುವ ಬೆಂಗಳೂರಿನ ಬಗ್ಗೆ ಆಮೇಲೆ ಬೇರೆಯೇ ಬರೆಯಬಹುದು, ಈ ಮೊದಲನೆಯದು ಸರಿಯಾಗಿ ಬಂದರೆ.

ಆರು ಪುಟ ಮೀರದಂತೆ, ಯುಗಾದಿಯೊಳಗೆ ಕಳಿಸಿ. ವ್ಯಾಖ್ಯೆಗಳಲ್ಲಿ ಅರ್ಧದಷ್ಟು ಅಜ್ಜಿಯ ಮನೆಗೆ ಹೋಗುವ ದಾರಿಯಲ್ಲೇ ಉದುರಿಹೋಗುತ್ತವೆ, ಉಳಿದವು ಬೇಕಾದವು. ಮತ್ತೆ, ಅಜ್ಜಿಯ ಮನೆಗೂ ಪಕ್ಕದ ಮನೆಗೂ ನಡುವೆ ದಾಟಬೇಕಾದ ಆ ಹಳ್ಳದ ಹೆಸರನ್ನು ನೀವು ಬರೆದಿಲ್ಲ. ಅದಕ್ಕೊಂದು ಹೆಸರು ಇದ್ದೇ ಇರುತ್ತದೆ. ಅದು ಯಾವ ಹೊಳೆಗೆ ಸೇರುತ್ತದೆ, ತುಂಗೆಗೋ ಭದ್ರೆಗೋ, ಅದನ್ನೂ ಕೇಳಿ ಬರೆಯಿರಿ.

ಇಂತಿ,
ಸಂಪಾದಕ