ಸಂಪಾದಕರ ಉತ್ತರ: ಸೂಪರ್‌ಬೈಕ್ ಹುಲ್ಲಲ್ಲ

ಪ್ರಿಯ ಓದುಗರೇ,

ನಿಮ್ಮ ನಾಲ್ಕು ಪುಟದ ಪತ್ರ ಬಂತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಪತ್ರವನ್ನು ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಹಾಗಾಗಿ ಉಳಿದವರಿಗೆ ಗೊತ್ತಾಗಲಿ ಎಂದು ವಿಷಯ ಏನು ಅಂತ ಮೊದಲು ಹೇಳಿಬಿಡುತ್ತೇನೆ.

ಬೈಕ್ ರೇಸಿನ ಅತಿ ದೊಡ್ಡ ವಿಶ್ವ ಸರಣಿಯಾದ ಮೋಟೋಜಿಪಿಯಲ್ಲಿ ಸೀಟು (ಅಂದರೆ ತಂಡದಲ್ಲಿ ಜಾಗ) ಕಳೆದುಕೊಂಡ, 35 ದಾಟಿದ ರೇಸರ್‌ಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. "ಯಾವ ಸರಣಿಯಾದರೂ ಸರಿ, ಸಿಕ್ಕ ಸೀಟು ಹಿಡಿಯಲಿ, ಸುಮ್ನೆ ಮನೆಯಲ್ಲಿ ಕೂರುವುದು ಬೇಡ" ಎಂದಿದ್ದೆ. ಸೂಪರ್‌ಬೈಕ್ ಎಂಬ ಇನ್ನೊಂದು ವಿಶ್ವ ಸರಣಿಯನ್ನೂ ಸೇರಿಸಿಯೇ ಹೇಳಿದ್ದೆ. ನಿಮಗೆ ಸಿಟ್ಟು ಬಂದಿದೆ. "ಹುಲಿ ಹಸಿದರೆ ಹುಲ್ಲು ತಿನ್ನುತ್ತದೆಯೇ? ಸೂಪರ್‌ಬೈಕ್‌ಗೆ ಇಳಿಯುವುದಕ್ಕಿಂತ ಕೂತು ಕಾಯುವುದೇ ಮೇಲು. ಮ್ಯಾಕ್ಸ್ ಬಿಯಾಜಿ ಒಂದು ವರ್ಷ ಕೂತು, ಆಮೇಲೆ ಬಂದು ಚಾಂಪಿಯನ್ ಆಗಲಿಲ್ಲವೇ?" ಎಂದು ಕೇಳಿದ್ದೀರಿ.

ಆದರು. ಆದರೆ ಎಲ್ಲಿ ಆದರು? ನೀವು ಹುಲ್ಲು ಎಂದಿರಲ್ಲ, ಅದೇ ಸೂಪರ್‌ಬೈಕ್‌ನಲ್ಲಿ!

ತಮಾಷೆ ಇರಲಿ. ಬಿಯಾಜಿ ಹೆಸರು ತೆಗೆದದ್ದು ಒಳ್ಳೆಯದೇ ಆಯಿತು. ಅವರ ಕಥೆಯನ್ನು ಎಲ್ಲರೂ ನಡುವಿನ ಎರಡು ಪುಟ ಹಾರಿಸಿ ಹೇಳುತ್ತಾರೆ. ಆಗಿನ ಎರಡನೇ ದೊಡ್ಡ ವಿಭಾಗವಾದ 250 ಸಿಸಿಯಲ್ಲಿ 1994ರಿಂದ 1997ರವರೆಗೆ ಸತತ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆಗಿದ್ದವರು ಅವರು. 2005ರಲ್ಲಿ ಮೋಟೋಜಿಪಿಯಲ್ಲಿ ಹೋಂಡಾದ ಕಾರ್ಖಾನೆ ತಂಡದಲ್ಲಿ, ಅಂದರೆ ಕಂಪನಿಯದೇ ತಂಡದಲ್ಲಿದ್ದರು. ಒಂದೂ ರೇಸ್ ಗೆಲ್ಲಲಿಲ್ಲ, ವರ್ಷದ ಕೊನೆಗೆ ಐದನೇ ಸ್ಥಾನ. ಸೀಟು ಹೋಯಿತು. ಆಗ ವಯಸ್ಸು 34. ಮುಂದಿನ ವರ್ಷಕ್ಕೆ ಎಲ್ಲೂ ಜಾಗ ಕುದುರಲಿಲ್ಲ. ಅಂದರೆ 2006ರಲ್ಲಿ ಅವರು ಕೂತದ್ದು ಹಟಕ್ಕಲ್ಲ, ಬೇರೆ ದಾರಿ ಇರಲಿಲ್ಲ. 2007ರಲ್ಲಿ ಸುಜುಕಿ ಬೈಕಿನಲ್ಲಿ ಸೂಪರ್‌ಬೈಕ್‌ಗೆ ಬಂದು, ಕತಾರ್‌ನ ಲೊಸೈಲ್‌ನಲ್ಲಿ ಮೊದಲ ರೇಸನ್ನೇ ಗೆದ್ದರು. ಕಥೆ ಹೇಳುವವರು ಇಲ್ಲಿಂದ ನೇರ 2010ಕ್ಕೆ ಹಾರುತ್ತಾರೆ. ನಡುವೆ ಏನಾಯಿತು? 2008ರಲ್ಲಿ ಡುಕಾಟಿ, ಅದೂ ಕಾರ್ಖಾನೆಯದ್ದಲ್ಲ, ಖಾಸಗಿ ತಂಡದ್ದು. ವರ್ಷದ ಕೊನೆಗೆ ಏಳನೇ ಸ್ಥಾನ. 2009ರಲ್ಲಿ ಎಪ್ರಿಲಿಯಾ ಹೊಸದಾಗಿ ಮಾಡಿದ್ದ, ಇನ್ನೂ ಪಳಗದ ಬೈಕ್. 2010ರಲ್ಲಿ ಅದೇ ಬೈಕಿನಲ್ಲಿ ಚಾಂಪಿಯನ್. 2012ರಲ್ಲಿ ಮತ್ತೊಮ್ಮೆ, ಟಾಮ್ ಸೈಕ್ಸ್ ಅವರಿಗಿಂತ ಬರೀ ಅರ್ಧ ಅಂಕ ಮುಂದೆ. ಆಗ ವಯಸ್ಸು 41.

ಆ ಪಟ್ಟ ಕೂತು ಕಾದದ್ದಕ್ಕೆ ಸಿಕ್ಕಿದ್ದಲ್ಲ. ಕೂತದ್ದು ಮುಗಿದ ಮೇಲೆ ಮೂರು ವರ್ಷ, ಮೂರು ಕಂಪನಿಯ ಬೈಕಿನಲ್ಲಿ ಬೆವರು ಸುರಿಸಿದ್ದಕ್ಕೆ ಸಿಕ್ಕಿದ್ದು. ಜೊತೆಗೆ ಎಪ್ರಿಲಿಯಾ ಅವರಿಗೆ ಹಳೆಯ ಮನೆ. ಮೊದಲ ಮೂರು 250 ಪಟ್ಟಗಳು ಬಂದದ್ದು ಆ ಕಂಪನಿಯ ಬೈಕಿನಲ್ಲೇ. ಹಳೆಯ ಪರಿಚಯ ಇಲ್ಲದ 37ರ ರೇಸರ್‌ಗೆ ಹೊಸ ಕಾರ್ಖಾನೆ ಬೈಕ್ ಸುಲಭಕ್ಕೆ ಸಿಗುವುದಿಲ್ಲ.

ಇನ್ನು "ಇಳಿಯುವುದು" ಎಂಬ ಮಾತು. ನನಗೆ ನಿಜವಾಗಿ ತಕರಾರು ಇರುವುದು ಇಲ್ಲೇ. ಮೋಟೋಜಿಪಿ ಬೈಕ್ ರೇಸಿಗೆಂದೇ ಹುಟ್ಟಿದ್ದು. ಸೂಪರ್‌ಬೈಕ್ ಎಂದರೆ ಅಂಗಡಿಯಲ್ಲಿ ಮಾರುವ ಬೈಕನ್ನು ರೇಸಿಗೆ ಹದ ಮಾಡಿದ್ದು. ಮೊದಲನೆಯದರ ಕನಿಷ್ಠ ತೂಕ 157 ಕಿಲೋ, ಎರಡನೆಯದರದ್ದು 168. ಹನ್ನೊಂದು ಕಿಲೋ ಅಷ್ಟೇನಾ ಎನ್ನಬೇಡಿ, ವ್ಯತ್ಯಾಸ ಗೊತ್ತಾಗುವುದು ಬ್ರೇಕ್ ಹಿಡಿದಾಗ. ಮೋಟೋಜಿಪಿಯ ಮುಂದಿನ ಚಕ್ರದಲ್ಲಿ ಕಾರ್ಬನ್ ಡಿಸ್ಕ್. ಅದು ಬಿಸಿಯೇರಬೇಕು. ತಣ್ಣಗಿದ್ದಾಗ ಲಿವರ್ ಎಳೆದರೆ ಬೈಕ್ ಸುಮ್ನೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಕಾದ ಮೇಲೆ ಗೋಡೆಗೆ ಗುದ್ದಿದ ಹಾಗೆ ಹಿಡಿಯುತ್ತದೆ. ಸೂಪರ್‌ಬೈಕ್‌ನಲ್ಲಿ ಸ್ಟೀಲ್ ಡಿಸ್ಕ್. ಅದು ಮೊದಲ ತಿರುವಿನಿಂದಲೇ ಹಿಡಿಯುತ್ತದೆ, ಆದರೆ ಇಷ್ಟು ಗಟ್ಟಿಯಾಗಿ ಅಲ್ಲ. ಹತ್ತು ವರ್ಷ ಕಾರ್ಬನ್ ಬ್ರೇಕ್ ಹಿಡಿದ ಬೆರಳು, ಎಲ್ಲಿ ಹಿಡಿಯಬೇಕು, ಎಷ್ಟು ಹಿಡಿಯಬೇಕು ಎಂಬುದನ್ನು ಮೊದಲಿಂದ ಕಲಿಯಬೇಕು. ಟೈರ್ ಬೇರೆ, ಎಲೆಕ್ಟ್ರಾನಿಕ್ಸ್ ಬೇರೆ, ವಾರಾಂತ್ಯಕ್ಕೆ ಎರಡರ ಬದಲು ಮೂರು ರೇಸ್.

ಇದು ಎರಡೂ ಕಡೆಗೆ ಅನ್ವಯಿಸುತ್ತದೆ. ಅಲ್ವಾರೊ ಬೌಟಿಸ್ಟಾ ಅವರನ್ನೇ ನೋಡಿ. ಮೋಟೋಜಿಪಿಯಲ್ಲಿ ಒಂದೂ ರೇಸ್ ಗೆಲ್ಲದೆ 2018ರಲ್ಲಿ ಹೊರಬಂದರು. 2019ರಲ್ಲಿ ಸೂಪರ್‌ಬೈಕ್‌ಗೆ ಕಾಲಿಟ್ಟವರೇ ಮೊದಲ ಹನ್ನೊಂದು ರೇಸುಗಳನ್ನು ಸಾಲಾಗಿ ಗೆದ್ದರು. (ಆ ವರ್ಷ ಪಟ್ಟ ಮಾತ್ರ ಜೊನಾಥನ್ ರೇ ಪಾಲಾಯಿತು, ಅದು ಇನ್ನೊಂದು ಪತ್ರಕ್ಕಾಗುವ ಕಥೆ.) 2022 ಮತ್ತು 2023ರಲ್ಲಿ ಚಾಂಪಿಯನ್. 2023ರಲ್ಲಂತೂ 27 ಗೆಲುವು. ಅದೇ ವರ್ಷ ಮಲೇಷ್ಯಾದಲ್ಲಿ ಅತಿಥಿಯಾಗಿ, ಅಂದರೆ ಆ ಒಂದು ಸುತ್ತಿಗೆ ಮಾತ್ರ, ಮೋಟೋಜಿಪಿ ರೇಸ್ ಓಡಿಸಿದರು. ಒಂದು ಅಂಕವೂ ಸಿಗಲಿಲ್ಲ. ಬೇಸಿಗೆಯಲ್ಲಿ ಹುಲಿ ಆಗಿದ್ದವರು ನವೆಂಬರ್‌ನಲ್ಲಿ ಇಲಿ ಆದರೇ? ಇಲ್ಲ. ಕೆಲಸವೇ ಬೇರೆ. ತಬಲಾ ನುಡಿಸುವವರ ಕೈಗೆ ಮೃದಂಗ ಕೊಟ್ಟ ಹಾಗೆ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯನ್ನು ನೀವೇ ಬರೆದಿದ್ದೀರಿ, ಟ್ರಾಯ್ ಬೇಲಿಸ್. ಅವರ ಬಗ್ಗೆ ಎಷ್ಟು ಬರೆದರೂ ನನಗೆ ಸಾಕೆನಿಸುವುದಿಲ್ಲ, ಸಹಿಸಿಕೊಳ್ಳಿ. 2001ರ ಸೂಪರ್‌ಬೈಕ್ ಚಾಂಪಿಯನ್. 2003ರಲ್ಲಿ ಡುಕಾಟಿ ಜೊತೆ ಮೋಟೋಜಿಪಿಗೆ ಹೋದರು. ಎರಡು ವರ್ಷಕ್ಕೆ ಆ ಸೀಟು ಹೋಯಿತು. 2005ರಲ್ಲಿ ಇನ್ನೊಂದು ತಂಡದ ಹೋಂಡಾ, ಗಾಯ, ಅದೂ ಹೋಯಿತು. 36ರ ವಯಸ್ಸಿಗೆ ಎರಡು ಸಲ ಹೊರಬಿದ್ದಿದ್ದರು. ಸೂಪರ್‌ಬೈಕ್‌ಗೆ ವಾಪಸ್ ಬಂದು 2006ರ ಪಟ್ಟ ಗೆದ್ದರು. ಅಷ್ಟರಲ್ಲಿ ಮೋಟೋಜಿಪಿಯ ಕೊನೆಯ ರೇಸಿಗೆ ಡುಕಾಟಿಗೆ ಒಬ್ಬ ಬದಲಿ ರೈಡರ್ ಬೇಕಾಯಿತು. ಅವರ ರೈಡರ್ ಸೆಟೆ ಜಿಬೆರ್ನೌ ಗಾಯಗೊಂಡಿದ್ದರು.

ಸ್ಪೇನಿನ ವಾಲೆನ್ಸಿಯಾ, ಅಕ್ಟೋಬರ್ 29. ಆ ದಿನ ಎಲ್ಲರ ಕಣ್ಣು ಇದ್ದದ್ದು ವ್ಯಾಲೆಂಟಿನೊ ರಾಸಿ ಮತ್ತು ನಿಕಿ ಹೇಡನ್ ಮೇಲೆ, ಇಬ್ಬರಲ್ಲಿ ಒಬ್ಬರು ವಿಶ್ವ ಚಾಂಪಿಯನ್ ಆಗುವ ದಿನ. ಬೇಲಿಸ್ ಯಾರ ಲೆಕ್ಕದಲ್ಲೂ ಇರಲಿಲ್ಲ. ರೇಸ್ ಶುರುವಾಗುವ ಸಾಲಿನಲ್ಲಿ ಎರಡನೆಯವರಾಗಿ ನಿಂತರು. ಮೊದಲ ತಿರುವಿಗೆ ಮುಂದಕ್ಕೆ ಹೋದವರು ಹಿಂದೆ ತಿರುಗಲೇ ಇಲ್ಲ. ರಾಸಿ ಬಿದ್ದರು, ಹೇಡನ್ ಮೂರನೆಯವರಾಗಿ ಬಂದು ಪಟ್ಟ ಗೆದ್ದರು. ಆದರೆ ರೇಸ್ ಗೆದ್ದವರು, ಎರಡು ಸಲ ಬೇಡವಾಗಿದ್ದ ಆ 37ರ ಮನುಷ್ಯ. ಮರುವರ್ಷ ಡಾನಿಂಗ್ಟನ್‌ನಲ್ಲಿ ಬಿದ್ದು ಬಲಗೈ ಕಿರುಬೆರಳಿನ ತುದಿ ಹೋಯಿತು. ಬಲಗೈ ಎಂದರೆ ಆಕ್ಸಿಲರೇಟರ್, ಮುಂದಿನ ಬ್ರೇಕ್ ಎರಡೂ ಇರುವ ಕೈ. 2008ರಲ್ಲಿ ಅದೇ ಕೈಯಲ್ಲಿ ಮೂರನೇ ಪಟ್ಟ ಗೆದ್ದು, 39ಕ್ಕೆ ನಿಲ್ಲಿಸಿದರು.

ಇದರಿಂದ ನಾನು ಹೇಳುವುದಿಷ್ಟೇ. ಆ ವರ್ಷ ಬೇಲಿಸ್ ಮನೆಯಲ್ಲಿ ಕೂತಿದ್ದರೆ ವಾಲೆನ್ಸಿಯಾಗೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಫೋನ್ ಬರುವುದು ಬೈಕ್ ಮೇಲಿರುವವರಿಗೆ.

ನೀವು ಕೇಳಿದ ಇನ್ನೊಂದು ಪ್ರಶ್ನೆ: "ಅಷ್ಟು ದೊಡ್ಡ ರೇಸರ್‌ಗೆ ಸೀಟು ಸಿಗದೇ ಇರುತ್ತದೆಯೇ?" ಸಿಗದೇ ಇರುತ್ತದೆ. ಮೋಟೋಜಿಪಿಯಲ್ಲಿ ಪೂರ್ಣಾವಧಿ ಸೀಟು ಇರುವುದೇ 22. ಒಪ್ಪಂದಗಳು ಹೆಚ್ಚಾಗಿ ಎರಡು ವರ್ಷದ್ದು, ಸುಮಾರು ಒಟ್ಟಿಗೇ ಮುಗಿಯುತ್ತವೆ. ಮಾತುಕತೆ ಯೂರೋಪಿನ ಬೇಸಿಗೆಯ ಮುಂಚೆಯೇ ಶುರು. ಒಬ್ಬ ದೊಡ್ಡ ರೈಡರ್ ಸಹಿ ಹಾಕಿದರೆ ಹಿಂದೆ ನಾಲ್ಕು ಸೀಟು ಕದಲುತ್ತವೆ. ಇಲ್ಲಿ ಆಗದು ಎಂದು ನಮ್ಮ ರೇಸರ್‌ಗೆ ಖಚಿತವಾಗುವ ಹೊತ್ತಿಗೆ ಸೂಪರ್‌ಬೈಕ್‌ನ ಒಳ್ಳೆಯ ಸೀಟುಗಳೂ ಹೋಗಿರುತ್ತವೆ. ಅಲ್ಲಿ ಕೈತುಂಬ ಸಂಬಳ ಕೊಡುವ ಕಾರ್ಖಾನೆ ಸೀಟು ಕೆಲವೇ. ಕೆಳಗಿನ ತಂಡಗಳಲ್ಲಿ "ನಿಮ್ಮ ಜೊತೆ ಸ್ಪಾನ್ಸರ್ ಯಾರಾದರೂ ಬರುತ್ತಾರಾ?" ಎಂಬ ಪ್ರಶ್ನೆಯೇ ಮೊದಲು ಬರಬಹುದು. ಕೆಲವೊಮ್ಮೆ ಸೀಟೇ ಮಾಯವಾಗುತ್ತದೆ. ಕವಾಸಾಕಿ 2009ರ ಜನವರಿಯಲ್ಲಿ ಮೋಟೋಜಿಪಿಯಿಂದ ಹೊರನಡೆಯಿತು, ಸೀಸನ್‌ಗೆ ಕೆಲವೇ ತಿಂಗಳಿದ್ದಾಗ. ಸುಜುಕಿ 2022ರ ಕೊನೆಗೆ ಹೋಯಿತು. ಗಾಳಿ ಬಂದಾಗ ತೂರಿಕೊಳ್ಳಬೇಕು ನಿಜ, ಆದರೆ ಈ ಕಣದಲ್ಲಿ ಗಾಳಿ ಯಾವ ವಾರ ಬೀಸುತ್ತದೆ ಎಂದು ಮ್ಯಾನೇಜರ್‌ಗೂ ಗೊತ್ತಿರುವುದಿಲ್ಲ.

ಟೆಸ್ಟ್ ರೈಡರ್ ಕೆಲಸವನ್ನು, ಅಂದರೆ ಕಂಪನಿಗಾಗಿ ಬೈಕ್ ಓಡಿಸಿ ಪರೀಕ್ಷಿಸುವ ಕೆಲಸವನ್ನು, ನೀವು "ಪಿಂಚಣಿ" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದೀರಿ. ಅದು ಅಷ್ಟು ಸಲೀಸಲ್ಲ. ಖಾಲಿ ಟ್ರ್ಯಾಕ್, ಖಾಲಿ ಗ್ಯಾಲರಿ. ಬೆಳಿಗ್ಗೆ ಒಂದು ಭಾಗ ಹಾಕಿ ಐದು ಲ್ಯಾಪ್. ಒಳಗೆ ಬಂದು ಅದನ್ನು ತೆಗೆದು ಹಳೆಯದನ್ನು ಹಾಕಿ ಮತ್ತೆ ಐದು ಲ್ಯಾಪ್. ಮತ್ತೆ ಹೊಸದು. ಹತ್ತೂ ಲ್ಯಾಪ್ ಒಂದೇ ವೇಗದಲ್ಲಿ, ಒಂದೇ ಗೆರೆಯಲ್ಲಿ ಓಡಿಸದಿದ್ದರೆ ವ್ಯತ್ಯಾಸ ಬಿಡಿಭಾಗದ್ದೋ ರೈಡರ್‌ದ್ದೋ ಎಂದು ಎಂಜಿನಿಯರ್‌ಗೆ ಗೊತ್ತಾಗುವುದಿಲ್ಲ. ಆಮೇಲೆ ಕೂತು ಹೇಳಬೇಕು: ಏಳನೇ ತಿರುವಿನಲ್ಲಿ ಬೈಕ್ ಅಲುಗಿದ್ದು ಬ್ರೇಕ್ ಬಿಡುವಾಗಲೋ, ಆಕ್ಸಿಲರೇಟರ್ ತೆರೆಯುವಾಗಲೋ? ಇದಕ್ಕೆ ಹದಿಹರೆಯದ ಧೈರ್ಯ ಸಾಲದು, ವರ್ಷಗಳ ನೆನಪು ಬೇಕು. 2018ರಲ್ಲಿ ರೇಸ್ ಬಿಟ್ಟ ಡಾನಿ ಪೆಡ್ರೋಸಾ ಕೆಟಿಎಂಗೆ ಈ ಕೆಲಸ ಮಾಡುತ್ತಾ, 2023ರಲ್ಲಿ ಮಿಸಾನೊದಲ್ಲಿ ಅತಿಥಿಯಾಗಿ ಇಳಿದು ಶನಿವಾರವೂ ನಾಲ್ಕನೆಯವರು, ಭಾನುವಾರವೂ ನಾಲ್ಕನೆಯವರು. ಇನ್ನೇನು 38 ತುಂಬುವುದರಲ್ಲಿತ್ತು. ಆದರೆ ಒಂದು ತೊಡಕಿದೆ. 2024ರ ನಿಯಮದಂತೆ ಜಾಸ್ತಿ ಗೆಲ್ಲುವ ಕಂಪನಿಗೆ ಇಂಥ ಅತಿಥಿ ರೇಸ್ ಒಂದೂ ಇಲ್ಲ. ಅಂದರೆ ಒಳ್ಳೆಯ ಬೈಕಿನ ಟೆಸ್ಟ್ ರೈಡರ್ ಆದರೆ ರೇಸ್ ಓಡಿಸುವ ಆಸೆ ಬಿಡಬೇಕು. ಇನ್ನೊಂದು ಮಾತು: 2027ಕ್ಕೆ ಮೋಟೋಜಿಪಿ ಎಂಜಿನ್ 1000 ಸಿಸಿಯಿಂದ 850ಕ್ಕೆ ಇಳಿಯುತ್ತದೆ, ಟೈರ್ ಪಿರೆಲ್ಲಿಯದ್ದಾಗುತ್ತದೆ. ಹೊಸ ಬೈಕ್ ಹದ ಮಾಡಲು ಪಳಗಿದ ಕೈ ಎಲ್ಲರಿಗೂ ಬೇಕು.

ಗಂಟೆಗಟ್ಟಲೆ ಓಡುವ ಎಂಡ್ಯುರೆನ್ಸ್ ರೇಸುಗಳು, ಅಂದರೆ ಸುಜುಕಾ 8 ಗಂಟೆ, ಲೆ ಮಾನ್ 24 ಗಂಟೆ ಇಂಥವು, ಇನ್ನೊಂದು ಬಾಗಿಲು. ಒಂದೇ ಬೈಕನ್ನು ಸರದಿಯಲ್ಲಿ ಓಡಿಸಬೇಕು, ಟೈರ್ ಉಳಿಸಬೇಕು, ಬೀಳಬಾರದು. ತಾಳ್ಮೆ ಇದ್ದವರಿಗೆ ಸರಿ. ಗೆದ್ದರೂ ಹೆಸರು ಮೂವರಲ್ಲಿ ಹಂಚಿಹೋಗುತ್ತದೆ, ಅದನ್ನು ಒಪ್ಪಿಕೊಳ್ಳುವುದು ಕೆಲವು ಚಾಂಪಿಯನ್‌ಗಳಿಗೆ ಕಷ್ಟ.

ಈಗ ನನ್ನ ತಪ್ಪು. "ಸಿಕ್ಕ ಸೀಟು ಹಿಡಿಯಲಿ" ಎಂದದ್ದು ಅವಸರದ ಮಾತು. ನೀವು ಬಿಯಾಜಿ ಬದಲು ಜೊನಾಥನ್ ರೇ ಹೆಸರು ಹೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. 2015ರಿಂದ 2020ರವರೆಗೆ ಕವಾಸಾಕಿಯಲ್ಲಿ ಸತತ ಆರು ಪಟ್ಟ ಗೆದ್ದವರು 37ನೇ ವಯಸ್ಸಿನಲ್ಲಿ, 2024ಕ್ಕೆ, ಯಮಹಾಗೆ ಹೋದರು. ಕೆಟ್ಟ ಸೀಟಲ್ಲ, ಕಾರ್ಖಾನೆ ಬೈಕೇ. ಆದರೆ ಆ ಬೈಕೂ ಅವರ ಶೈಲಿಯೂ ಕೂಡಿಬರಲಿಲ್ಲ. 2025ರ ಸೀಸನ್‌ಗೆ ಮುಂಚೆ ಪರೀಕ್ಷೆಯಲ್ಲಿ ಬಿದ್ದು ಪಾದ ಮುರಿಯಿತು. ಎರಡು ವರ್ಷದಲ್ಲಿ ಒಂದೂ ಗೆಲುವಿಲ್ಲದೆ ನಿವೃತ್ತಿ. 25ರ ಹುಡುಗನಿಗೆ ಹೊಂದದ ಬೈಕ್ ಎಂದರೆ ಎರಡು ವರ್ಷ ನಷ್ಟ. 37ರವರಿಗೆ ಉಳಿದಿರುವುದೇ ಆ ಎರಡು ವರ್ಷ. ಹಾಗಾಗಿ ಮಾತು ತಿದ್ದಿಕೊಳ್ಳುತ್ತೇನೆ: ಸಿಕ್ಕ ಸೀಟಲ್ಲ, ಕೈಗೆ ಒಗ್ಗುವ ಸೀಟು, ಯಾವ ಸರಣಿಯಲ್ಲಿದ್ದರೂ.

ಕೊನೆಗೆ, "ನೀವೇ ಆ ಜಾಗದಲ್ಲಿದ್ದರೆ?" ಎಂದು ಕೇಳಿದ್ದೀರಿ. ನಾನು ಕಾರ್ಲೋಸ್ ಚೆಕಾ ಹಾದಿ ಹಿಡಿಯುತ್ತಿದ್ದೆ. ಅಷ್ಟು ವರ್ಷ ಅತಿ ದೊಡ್ಡ ವಿಭಾಗದಲ್ಲಿ (ಈಗ ಮೋಟೋಜಿಪಿ ಎನ್ನುವುದು) ಓಡಿಸಿ ಗೆದ್ದದ್ದು ಎರಡೇ ರೇಸ್, 1996ರಲ್ಲೊಂದು, 1998ರಲ್ಲೊಂದು. 2007ಕ್ಕೆ ಅದು ಮುಗಿಯಿತು. ಒಂದು ವರ್ಷವೂ ಖಾಲಿ ಬಿಡದೆ 2008ರಲ್ಲಿ ಸೂಪರ್‌ಬೈಕ್‌ಗೆ ಬಂದರು. ಹೋಂಡಾದಲ್ಲಿ ಎರಡು ವರ್ಷ ಕಲಿತರು. ಆಮೇಲೆ ಒಂದು ಖಾಸಗಿ ತಂಡದ ಡುಕಾಟಿ ಹತ್ತಿದರು. ಜನ ನಕ್ಕಿರಲೂ ಸಾಕು. 2011ರಲ್ಲಿ ಅದೇ ಬೈಕಿನಲ್ಲಿ 15 ರೇಸ್ ಗೆದ್ದು ಚಾಂಪಿಯನ್ ಆದರು. 39ನೇ ಹುಟ್ಟುಹಬ್ಬಕ್ಕೆ ಎರಡು ವಾರವೂ ಉಳಿದಿರಲಿಲ್ಲ.

ಮರೆತಿದ್ದೆ. ಹಳೆಯ ಸಂಚಿಕೆಯ ಬೇಲಿಸ್ ಫೋಟೊ ಕತ್ತರಿಸಿ ಪತ್ರಕ್ಕೆ ಪಿನ್ ಮಾಡಿದ್ದೀರಿ, "ಇವರ ನಂಬರ್ 21, ನೀವು 12 ಅಂತ ಉಲ್ಟಾ ಅಚ್ಚು ಹಾಕಿದ್ದೀರಿ" ಎಂದು ಕೆಂಪು ಇಂಕಿನಲ್ಲಿ ಗುರುತು ಬೇರೆ ಹಾಕಿದ್ದೀರಿ. ಅಚ್ಚಿನ ತಪ್ಪಲ್ಲ. ಅದು ವಾಲೆನ್ಸಿಯಾದ ಫೋಟೊ. ಆ ವರ್ಷ ಮೋಟೋಜಿಪಿಯಲ್ಲಿ 21 ಜಾನ್ ಹಾಪ್ಕಿನ್ಸ್ ಹತ್ತಿರ ಇತ್ತು. ಒಂದು ರೇಸಿಗೆಂದು ಬಂದ ಬೇಲಿಸ್ ಅಂಕೆ ತಿರುಗಿಸಿ 12 ಅಂಟಿಸಿಕೊಂಡರು. ನಿಮ್ಮ ಫೋಟೊ ವಾಪಸ್ ಕಳಿಸುತ್ತಿದ್ದೇನೆ, ಪಿನ್ ತೆಗೆದು.

ನಿಮ್ಮ
ಸಂಪಾದಕ